ಸೇಂಟ್ ಜಾನ್ಸ್: ಹಡಗಿಳಿದು ನಡೆದವರಿಗೆ ಸಿಗುವ ಊರು

ಕೆರಿಬಿಯನ್ ಕ್ರೂಸಿನ ಜಾಹೀರಾತುಗಳಲ್ಲಿ ಕೆರಿಬಿಯನ್ ಕಾಣುವುದು ಕಡಿಮೆ, ಹಡಗು ಕಾಣುವುದೇ ಹೆಚ್ಚು. ಈಜುಕೊಳ, ನೀರಿನ ಜಾರುಬಂಡೆ, ಅಪರಾತ್ರಿಯವರೆಗೂ ಬಾಗಿಲು ಹಾಕದ ಊಟದ ಮನೆಗಳು, ನಾಟಕಶಾಲೆ, ಕ್ಯಾಸಿನೊ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದ ಸೀಸ್’ 20 ಡೆಕ್ಕುಗಳ, 365 ಮೀಟರ್ ಉದ್ದದ ಹಡಗು. ಪೂರ್ತಿ ತುಂಬಿದರೆ ಅದರಲ್ಲಿ 7,600 ಪ್ರಯಾಣಿಕರು ಮತ್ತು 2,350 ಸಿಬ್ಬಂದಿ ಇರುತ್ತಾರೆ. ನಾಲ್ಕಾರು ಮಂದಿ ಗೆಳೆಯರು ರಜೆ ಹೊಂದಿಸಿಕೊಂಡು ಒಂದು ವಾರ ಇಂಥ ಹಡಗಿನಲ್ಲಿ ಕಳೆಯುವುದು ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಹೊಸತೇನಲ್ಲ. ಆದರೆ ಅಂಥ ಪ್ರವಾಸದಲ್ಲಿ ಕೊಟ್ಟ ಹಣಕ್ಕೂ ಕೂಡಿಬಂದ ಸ್ನೇಹಕ್ಕೂ ನಿಜವಾದ ಬೆಲೆ ಬರುವುದು ಹಡಗಿನೊಳಗಲ್ಲ, ಅದು ಬೆಳಿಗ್ಗೆ ಬಂದು ಸಂಜೆ ಬಿಡುವ ಊರುಗಳಲ್ಲಿ, ಅದೂ ಆ ಊರನ್ನು ಕಾಲ್ನಡಿಗೆಯಲ್ಲಿ ನೋಡಿದಾಗ ಎಂಬುದು ಈ ಬರಹದ ವಾದ. ಅದಕ್ಕೆ ಸಾಕ್ಷಿಯಾಗಿ ಒಂದೇ ಊರನ್ನು ತೆಗೆದುಕೊಳ್ಳೋಣ: ಪೂರ್ವ ಕೆರಿಬಿಯನ್ನಿನ ಆಂಟಿಗಾ ದ್ವೀಪದ ಸೇಂಟ್ ಜಾನ್ಸ್.

ಊರಿಗೆ ಹೋಗುವ ಮುನ್ನ ಹಡಗಿನ ಲೆಕ್ಕಾಚಾರ ತಿಳಿದಿರಬೇಕು. ಟಿಕೆಟ್ಟಿನ ದರ ಅಗ್ಗವೆನಿಸುತ್ತದೆ. ಮಲಗುವ ಕೋಣೆ, ಊಟ, ಮನರಂಜನೆ ಎಲ್ಲವೂ ಅದರಲ್ಲೇ ಸೇರಿರುತ್ತವೆ. ಕಂಪನಿಗಳು ಲಾಭ ಹೆಚ್ಚಿಸಿಕೊಳ್ಳುವುದು ಆಮೇಲೆ, ಮದ್ಯ, ವೈಫೈ, ವಿಶೇಷ ರೆಸ್ಟೋರೆಂಟು, ಸ್ಪಾ, ಕ್ಯಾಸಿನೊ ಮತ್ತು ದಡದ ಪ್ರವಾಸಗಳ ಮಾರಾಟದಿಂದ. ಪ್ರಯಾಣಿಕನ ಹೊತ್ತು ಹಡಗಿನೊಳಗೆ ಕಳೆದಷ್ಟೂ ಅವನ ಹಣವೂ ಒಳಗೇ ಉಳಿಯುತ್ತದೆ. ಇದೇ ತರ್ಕ ಮುಂದುವರಿದು ಕಂಪನಿಗಳು ದಡವನ್ನೂ ತಮ್ಮದಾಗಿಸಿಕೊಂಡಿವೆ. ನಾರ್ವೀಜಿಯನ್ ಕ್ರೂಸ್ ಲೈನ್ 1977ರಲ್ಲೇ ಬಹಾಮಾಸಿನ ಗ್ರೇಟ್ ಸ್ಟಿರಪ್ ಕೇ ಎಂಬ ಪುಟ್ಟ ದ್ವೀಪವನ್ನು ಕೊಂಡಿತು. ರಾಯಲ್ ಕೆರಿಬಿಯನ್ 1980ರ ದಶಕದಲ್ಲಿ ಹೈಟಿಯ ಲಬಾಡಿ ಕಡಲತೀರವನ್ನು ಗುತ್ತಿಗೆಗೆ ಪಡೆದು, ಸುತ್ತಲೂ ಬೇಲಿ ಹಾಕಿ, ತನ್ನ ಪ್ರಯಾಣಿಕರಿಗಷ್ಟೇ ಮೀಸಲಿಟ್ಟಿತು. ಅದೇ ಕಂಪನಿ 2019ರಲ್ಲಿ ಬಹಾಮಾಸಿನ ಇನ್ನೊಂದು ದ್ವೀಪವನ್ನು ಜಾರುಬಂಡೆಗಳ ಉದ್ಯಾನವಾಗಿ ಮರುರೂಪಿಸಿ ‘ಪರ್ಫೆಕ್ಟ್ ಡೇ ಅಟ್ ಕೊಕೊ ಕೇ’ ಎಂದು ಹೆಸರಿಟ್ಟಿತು. ಅಲ್ಲಿ ಮರಳು, ತೆಂಗಿನಮರ, ತಿಳಿನೀಲಿ ನೀರು ಎಲ್ಲವೂ ಇವೆ. ತಲೆಮಾರುಗಳಿಂದ ಬಾಳುತ್ತಿರುವ ಒಂದು ಊರು ಮಾತ್ರ ಇಲ್ಲ. ಹೀಗೆ ವಾರವಿಡೀ ತಿರುಗಿಯೂ ಕೆರಿಬಿಯನ್ ಜನರ ಒಂದು ಬೀದಿಯನ್ನೂ ನೋಡದೆ ಮರಳುವುದು ಸಾಧ್ಯವಿದೆ.

ಸೇಂಟ್ ಜಾನ್ಸ್ ಇದಕ್ಕೆ ವ್ಯತಿರಿಕ್ತ. ಆಂಟಿಗಾದ ವಿಸ್ತೀರ್ಣ ಸುಮಾರು 281 ಚದರ ಕಿಲೋಮೀಟರ್, ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ಆಂಟಿಗಾ ಮತ್ತು ಬಾರ್ಬುಡಾ ಎಂಬ ಎರಡು ದ್ವೀಪಗಳ ಈ ದೇಶ ಬ್ರಿಟನ್ನಿನಿಂದ ಸ್ವತಂತ್ರವಾದದ್ದು 1981ರ ನವೆಂಬರ್ 1ರಂದು. ದೇಶದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು; ರಾಜಧಾನಿ ಸೇಂಟ್ ಜಾನ್ಸಿನದು ಇಪ್ಪತ್ತು ಸಾವಿರಕ್ಕೆ ತುಸು ಹೆಚ್ಚು. ಹಲವು ಬಂದರುಗಳಲ್ಲಿ ಹಡಗು ಊರಿನಿಂದ ದೂರ ನಿಲ್ಲುತ್ತದೆ, ಪೇಟೆ ಸೇರಲು ದೋಣಿಯೋ ಬಸ್ಸೋ ಬೇಕು. ಇಲ್ಲಿ ಧಕ್ಕೆ ಮುಗಿದಲ್ಲಿ ಪೇಟೆ ಶುರುವಾಗುತ್ತದೆ. ಹಡಗಿನ ಏಣಿ ಇಳಿದು ಹೆರಿಟೇಜ್ ಕೀ ಎಂಬ ಸುಂಕವಿಲ್ಲದ ಅಂಗಡಿಸಾಲು ದಾಟಿದರೆ ಥೇಮ್ಸ್ ಸ್ಟ್ರೀಟ್. ಅಲ್ಲಿಂದ ಹೈ ಸ್ಟ್ರೀಟ್, ಸೇಂಟ್ ಮೇರೀಸ್ ಸ್ಟ್ರೀಟ್, ಲಾಂಗ್ ಸ್ಟ್ರೀಟ್ ನೇರವಾಗಿ ಪೂರ್ವಕ್ಕೆ ಏರುತ್ತವೆ. ಚೌಕಾಕಾರದ ಈ ಬೀದಿಗಳಲ್ಲಿ ದಾರಿ ತಪ್ಪುವುದು ಕಷ್ಟ. ವಸ್ತುಸಂಗ್ರಹಾಲಯ, ಕ್ಯಾಥೆಡ್ರಲ್, ಸಂತೆಕಟ್ಟೆ, ಕ್ರಿಕೆಟ್ ಮೈದಾನ ಎಲ್ಲವೂ ಒಂದು ಬೆಳಗಿನ ನಡಿಗೆಯೊಳಗೆ ಸಿಗುತ್ತವೆ.

ಆದರೆ ಇಳಿದವರಲ್ಲಿ ಅನೇಕರು ಅಂಗಡಿಸಾಲಿನಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಸಿಗುವ ವಾಚು, ವಜ್ರ, ಸುಗಂಧದ್ರವ್ಯಗಳು ಕೆರಿಬಿಯನ್ನಿನ ಪ್ರತಿ ಬಂದರಿನಲ್ಲೂ ಸಿಗುತ್ತವೆ. ಅದರ ಪಕ್ಕದ ರೆಡ್‌ಕ್ಲಿಫ್ ಕೀ ನೋಡಲು ಚೆಂದ: ಬಣ್ಣ ಬಳಿದ ಹಳೆಯ ಉಗ್ರಾಣಗಳು, ಕೆಫೆಗಳು, ಕರಕುಶಲ ವಸ್ತುಗಳ ಮಳಿಗೆಗಳು. ಆಫ್ರಿಕಾದಿಂದ ತಂದ ಗುಲಾಮರನ್ನು ಮಾರುವ ಮುನ್ನ ಕೂಡಿಹಾಕುತ್ತಿದ್ದ ಆವರಣ ಇದ್ದದ್ದು ಅಲ್ಲೇ. ಇಂಗ್ಲಿಷರು 1632ರಲ್ಲಿ ಬಂದು ನೆಲೆಸಿದ ಮೇಲೆ, 17ನೇ ಶತಮಾನ ಮುಗಿಯುವ ಹೊತ್ತಿಗೆ ಇಡೀ ದ್ವೀಪ ಕಬ್ಬಿನ ತೋಟವಾಯಿತು. ಗಾಣ ತಿರುಗಿಸುತ್ತಿದ್ದ ಗಾಳಿಯಂತ್ರಗಳ ಕಲ್ಲಿನ ಗೋಪುರಗಳು ಇಂದಿಗೂ ಹೊಲಗಳ ನಡುವೆ ನಿಂತಿವೆ. 1736ರಲ್ಲಿ ಗುಲಾಮರ ದಂಗೆಯೊಂದು ಆರಂಭಕ್ಕೆ ಮುನ್ನವೇ ಬಯಲಾಗಿ, ಮುಂದಾಳು ಪ್ರಿನ್ಸ್ ಕ್ಲಾಸ್‌ನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಒಟ್ಟು 88 ಮಂದಿಗೆ ಮರಣದಂಡನೆಯಾಯಿತು. ಪ್ರಿನ್ಸ್ ಕ್ಲಾಸ್ ಇಂದು ಆ ದೇಶದ ರಾಷ್ಟ್ರವೀರ. 1834ರ ಆಗಸ್ಟ್ 1ರಂದು ಬ್ರಿಟಿಷ್ ಸಾಮ್ರಾಜ್ಯ ಗುಲಾಮಗಿರಿಯನ್ನು ತೊಡೆದುಹಾಕಿದಾಗ ಇತರ ಸಕ್ಕರೆ ದ್ವೀಪಗಳು ಬಿಡುಗಡೆಯಾದವರನ್ನು ‘ತರಬೇತಿ’ಯ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ತೋಟಗಳಿಗೆ ಕಟ್ಟಿಹಾಕಿದವು, ಆಂಟಿಗಾ ಒಂದೇ ದಿನಕ್ಕೆ ಪೂರ್ಣ ಬಿಡುಗಡೆ ಕೊಟ್ಟಿತು. ಪ್ರತಿ ಬೇಸಿಗೆಯ ಕಾರ್ನಿವಲ್ ಆ ದಿನದ ನೆನಪಿನದೇ. ಈ ಕತೆಯನ್ನೆಲ್ಲ 1750ರ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿರುವ ಆಂಟಿಗಾ ಮತ್ತು ಬಾರ್ಬುಡಾ ವಸ್ತುಸಂಗ್ರಹಾಲಯ ಒಪ್ಪವಾಗಿ ಹೇಳುತ್ತದೆ. ಧಕ್ಕೆಯಿಂದ ಅಲ್ಲಿಗೆ ಕೆಲವೇ ನಿಮಿಷಗಳ ನಡಿಗೆ.

ವಸ್ತುಸಂಗ್ರಹಾಲಯದಿಂದ ಮೇಲೇರಿದರೆ ಊರಿನ ಎಲ್ಲ ಕಡೆಯಿಂದಲೂ ಕಾಣುವ ಎರಡು ಬಿಳಿ ಗೋಪುರಗಳ ಸೇಂಟ್ ಜಾನ್ಸ್ ಕ್ಯಾಥೆಡ್ರಲ್. 1843ರ ಭೂಕಂಪ ಹಿಂದಿನ ಕಟ್ಟಡವನ್ನು ಹಾಳುಗೆಡವಿದ ಮೇಲೆ ಕಟ್ಟಿದ್ದು ಇದು. ಹೊರಗೆ ಕಲ್ಲು, ಒಳಗೆ ಪೂರ್ತಿ ಮರದ ಹೊದಿಕೆ: ಒಂದು ಚರ್ಚಿನೊಳಗೆ ಇನ್ನೊಂದು ಚರ್ಚು. ಮತ್ತೊಂದು ಭೂಕಂಪವೋ ಚಂಡಮಾರುತವೋ ಬಂದರೆ ಒಳಗಿನದಾದರೂ ಉಳಿಯಲಿ ಎಂಬ ಮುಂದಾಲೋಚನೆ. ಊರಿನ ದಕ್ಷಿಣದ ತುದಿಯಲ್ಲಿ ಸಂತೆಕಟ್ಟೆ. ಅಲ್ಲಿನ ಹೆಮ್ಮೆ ‘ಬ್ಲ್ಯಾಕ್ ಪೈನಾಪಲ್’ ಎಂಬ ಸಣ್ಣ, ತೀರಾ ಸಿಹಿಯಾದ ಅನಾನಸು. ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯೊಂದಿಗೆ ತೊಳಸಿ ಕಟ್ಟುವ ‘ಫಂಜಿ’, ಸೊಪ್ಪು ಮತ್ತು ಮಾಂಸದ ‘ಪೆಪ್ಪರ್‌ಪಾಟ್’ ಇಲ್ಲಿನ ರಾಷ್ಟ್ರೀಯ ಊಟ. ತುರಿದ ಸಿಹಿಗೆಣಸು, ತೆಂಗಿನಕಾಯಿ, ಸಕ್ಕರೆ ಕಲಸಿ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ‘ದುಕಾನಾ’ವನ್ನು ಬಿಡಿಸಿ ತಿಂದರೆ ಕರಾವಳಿಯವರಿಗೆ ತಮ್ಮ ಮನೆಯ ಎಲೆಕಡುಬು ನೆನಪಾದೀತು. ಸಸ್ಯಾಹಾರಿಗಳು ಹಡಗಿನ ಬಫೆಯನ್ನೇ ನೆಚ್ಚಿಕೊಳ್ಳಬೇಕಿಲ್ಲ. ರಸ್ತಫಾರಿ ಪಂಥದವರ ‘ಐಟಲ್’ ಅಡುಗೆಯಲ್ಲಿ ಮಾಂಸವಿರುವುದಿಲ್ಲ. ಬೇಳೆ ತುಂಬಿದ ರೋಟಿಯೂ ಇಲ್ಲಿ ಸಿಗುತ್ತದೆ. 19ನೇ ಶತಮಾನದಲ್ಲಿ ಕಲ್ಕತ್ತಾ ಮತ್ತು ಮದರಾಸಿನ ಬಂದರುಗಳಿಂದ ಕಬ್ಬಿನ ತೋಟಗಳ ಕರಾರು ದುಡಿಮೆಗೆಂದು ಹೋದವರ ಅಡುಗೆ ಅದು, ಗಯಾನಾ ಮತ್ತು ಟ್ರಿನಿಡಾಡಿನಿಂದ ದ್ವೀಪದಿಂದ ದ್ವೀಪಕ್ಕೆ ಹರಡಿತು.

ಕನ್ನಡಿಗರಿಗೆ ಈ ಊರನ್ನು ನೋಡಲು ಇನ್ನೂ ಒಂದು ಕಾರಣ ಇದೆ. ಧಕ್ಕೆಗೆ ಬೆನ್ನು ಹಾಕಿ ಊರಿನ ಪೂರ್ವದ ಅಂಚಿಗೆ ನಡೆದರೆ ಸಿಗುವುದು ಆಂಟಿಗಾ ರಿಕ್ರಿಯೇಷನ್ ಗ್ರೌಂಡ್, ಪಕ್ಕದಲ್ಲೇ ಸೆರೆಮನೆಯಿರುವ ಹಳೆಯ ಕ್ರಿಕೆಟ್ ಮೈದಾನ. 1986ರಲ್ಲಿ ವಿವಿಯನ್ ರಿಚರ್ಡ್ಸ್ ತನ್ನೂರಿನವರ ಎದುರು ಇಂಗ್ಲೆಂಡಿನ ಮೇಲೆ 56 ಎಸೆತಗಳಲ್ಲಿ ಶತಕ ಹೊಡೆದದ್ದು, ಬ್ರಯಾನ್ ಲಾರಾ 1994ರಲ್ಲಿ 375, ಮತ್ತೆ 2004ರಲ್ಲಿ ಔಟಾಗದೆ 400 ರನ್ ಗಳಿಸಿದ್ದು ಇಲ್ಲೇ. 2002ರ ಮೇ ತಿಂಗಳಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಮರ್ವಿನ್ ಡಿಲನ್ ಎಸೆತ ಬಡಿದು ದವಡೆ ಮುರಿದುಕೊಂಡು, ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜು ಸುತ್ತಿಕೊಂಡು ಅಂಗಳಕ್ಕಿಳಿದದ್ದೂ ಇಲ್ಲೇ. ಆತ ಹಾಕಿದ್ದು 14 ಓವರ್, ಕೊಟ್ಟದ್ದು 29 ರನ್, ಪಡೆದ ಒಂದು ವಿಕೆಟ್ ಲಾರಾ ಅವರದು. ಅದೇ ಪಂದ್ಯದಲ್ಲಿ ರಾಹುಲ್ ದ್ರಾವಿಡ್ 91 ಹೊಡೆದಿದ್ದರು. 2007ರ ವಿಶ್ವಕಪ್ಪಿಗಾಗಿ ಊರಾಚೆ ಹೊಸ ಕ್ರೀಡಾಂಗಣ ಕಟ್ಟಿದ ಮೇಲೆ ಈ ಮೈದಾನದ ಕಾಲ ಮುಗಿಯಿತೆಂದೇ ಎಲ್ಲರೂ ಎಣಿಸಿದ್ದರು. 2009ರಲ್ಲಿ ಆ ಹೊಸ ಕ್ರೀಡಾಂಗಣದ ಮರಳುಮಯ ಅಂಗಳದಲ್ಲಿ ಬೌಲರುಗಳಿಗೆ ಕಾಲೂರಿ ಓಡಲಾಗದೆ ಇಂಗ್ಲೆಂಡ್ ವಿರುದ್ಧದ ಟೆಸ್ಟ್ 10 ಎಸೆತಕ್ಕೇ ನಿಂತಾಗ, ಊರೊಳಗಿನ ಈ ಹಳೆಯ ಮೈದಾನವೇ ಎರಡು ದಿನದೊಳಗೆ ಸಿದ್ಧವಾಗಿ ಮಾನ ಉಳಿಸಿತು. ಕ್ರಿಕೆಟ್ ಹುಚ್ಚಿರುವ ಗೆಳೆಯರ ಗುಂಪಿಗೆ ಇದಕ್ಕಿಂತ ಹೆಚ್ಚಿನ ಮಾತಿನ ಸರಕು ಹಡಗಿನ ಯಾವ ಡೆಕ್ಕಿನಲ್ಲೂ ಸಿಗಲಾರದು.

ಇಲ್ಲಿ ಗೆಳೆಯರ ಮಾತು ಬಂತು. ಜೊತೆಯಾಗಿ ಕಾಲ ಕಳೆಯಲು ಹಡಗೇ ತಕ್ಕ ಜಾಗ ಎಂಬುದು ಸಾಮಾನ್ಯ ನಂಬಿಕೆ. ಹಡಗಿನ ವ್ಯವಸ್ಥೆ ನೋಡಿದರೆ ಹಾಗೆನ್ನಿಸುವುದಿಲ್ಲ. ಪ್ರತಿಯೊಬ್ಬರ ಅಭಿರುಚಿಗೂ ಬೇರೆ ಬೇರೆ ಮೂಲೆ ಒದಗಿಸುವುದೇ ಅದರ ಜಾಣ್ಮೆ: ಒಬ್ಬರು ಸ್ಪಾದಲ್ಲಿ, ಇನ್ನೊಬ್ಬರು ಕ್ಯಾಸಿನೊದಲ್ಲಿ, ಮತ್ತೊಬ್ಬರು ಬಿಸಿಲು ಕಾಯಿಸುತ್ತಾ ಮೇಲಿನ ಡೆಕ್ಕಿನಲ್ಲಿ, ಸೇರುವುದು ರಾತ್ರಿಯ ಊಟಕ್ಕೆ. ಅಪರಿಚಿತ ಊರಿನಲ್ಲಿ ಮಾತ್ರ ಗುಂಪಿಗೆ ಗುಂಪಿನ ಅಗತ್ಯ ಬೀಳುತ್ತದೆ. ದಾರಿ ಕೇಳುವವರು ಒಬ್ಬರು, ಚೌಕಾಸಿ ಮಾಡುವವರು ಇನ್ನೊಬ್ಬರು, ಗಡಿಯಾರ ನೋಡಿ ಎಚ್ಚರಿಸುವವರು ಮತ್ತೊಬ್ಬರು. ಖರ್ಚೂ ಹಂಚಿಹೋಗುತ್ತದೆ. ಆಂಟಿಗಾದ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಸರ್ಕಾರ ಗೊತ್ತುಮಾಡಿದ ದರಪಟ್ಟಿ ಇದೆ. ನಾಲ್ವರು ಸೇರಿ ಒಂದು ಟ್ಯಾಕ್ಸಿ ಹಿಡಿದರೆ ದ್ವೀಪದ ದಕ್ಷಿಣ ತುದಿಯ ಇಂಗ್ಲಿಷ್ ಹಾರ್ಬರಿಗೆ ಹೋಗಿಬರುವುದು ಹಡಗು ಮಾರುವ ಪ್ರವಾಸಕ್ಕಿಂತ ಸಾಮಾನ್ಯವಾಗಿ ಅಗ್ಗ. ಸಂತೆಕಟ್ಟೆಯ ಎದುರಿನ ನಿಲ್ದಾಣದಿಂದ 17ನೇ ನಂಬರಿನ ಬಸ್ಸಿನಲ್ಲಿ ಹೋದರೆ ಇನ್ನೂ ಅಗ್ಗ. ಅಲ್ಲಿರುವ ನೆಲ್ಸನ್ಸ್ ಡಾಕ್‌ಯಾರ್ಡ್, 18ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಗುಲಾಮರ ದುಡಿಮೆಯಿಂದ ಕಟ್ಟಿಸಿದ ಹಡಗುಕಟ್ಟೆ, 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಹೊರೇಷಿಯೊ ನೆಲ್ಸನ್ ತರುಣ ಕ್ಯಾಪ್ಟನ್ ಆಗಿ 1784ರಿಂದ 1787ರವರೆಗೆ ಈ ದ್ವೀಪಗಳ ಕಾವಲಿಗಿದ್ದಾಗ ತಂಗುತ್ತಿದ್ದ ಬಂದರು ಇದು. ಮೇಲಿನ ಶರ್ಲಿ ಹೈಟ್ಸ್ ಗುಡ್ಡದಿಂದ ಕಾಣುವ ನೋಟವೇ ಆಂಟಿಗಾದ ಎಲ್ಲ ಪೋಸ್ಟ್ ಕಾರ್ಡುಗಳ ಮೇಲಿರುವುದು.

ಈ ವಾದಕ್ಕೆ ಎದುರಾಗಿ ಮೊದಲು ಬರುವ ಮಾತು: ವರ್ಷವಿಡೀ ದುಡಿದವರು ಇತಿಹಾಸದ ಪಾಠಕ್ಕೆಂದು ರಜೆ ಹಾಕುವುದಿಲ್ಲ, ಅವರಿಗೆ ಬೇಕಾದದ್ದು ವಿಶ್ರಾಂತಿ. ಇದು ನ್ಯಾಯವಾದ ಮಾತು. ಆದರೆ ಏಳು ರಾತ್ರಿಗಳ ಯಾನದಲ್ಲಿ ಹಡಗು ಸಾಮಾನ್ಯವಾಗಿ ಮೂರೋ ನಾಲ್ಕೋ ಊರುಗಳಲ್ಲಿ ಮಾತ್ರ ನಿಲ್ಲುತ್ತದೆ, ಅದೂ ಹಗಲಿನ ಎಂಟು ಗಂಟೆಯ ಆಸುಪಾಸು. ಉಳಿದ ಸಮಯವೆಲ್ಲ ವಿಶ್ರಾಂತಿಗೇ ಇದೆ. ದಡದ ದಿನದಲ್ಲೂ ಬೆಳಿಗ್ಗೆ ಎರಡು ಮೂರು ಗಂಟೆ ಊರು ನೋಡಿ, ಮಧ್ಯಾಹ್ನ ಕಡಲಿಗಿಳಿಯಬಹುದು. ವರ್ಷದ ದಿನಕ್ಕೊಂದರಂತೆ ತಮ್ಮಲ್ಲಿ 365 ಕಡಲತೀರಗಳಿವೆ ಎನ್ನುವುದು ಆಂಟಿಗಾದವರ ಜಂಬ. ಎಣಿಕೆ ಹೇಗೇ ಇರಲಿ, ಅಲ್ಲಿನ ಎಲ್ಲ ತೀರಗಳೂ ಸಾರ್ವಜನಿಕ. ಹೋಟೆಲುಗಳ ಮುಂದಿನ ಮರಳಿನಲ್ಲೂ ಯಾರು ಬೇಕಾದರೂ ಕೂರಬಹುದು. ಊರಿಗೆ ಹತ್ತಿರದ್ದು ಫೋರ್ಟ್ ಜೇಮ್ಸ್; ಹಳೆಯ ಕೋಟೆಯ ಫಿರಂಗಿಗಳನ್ನೂ ಅಲ್ಲೇ ನೋಡಬಹುದು.

ಎರಡನೆಯ ಆಕ್ಷೇಪ ಇನ್ನೂ ನೇರ: ಸೇಂಟ್ ಜಾನ್ಸ್ ಅಷ್ಟೇನೂ ಸುಂದರವಾದ ಊರಲ್ಲ. ನಿಜ. ಪಾದಚಾರಿ ದಾರಿ ಅಲ್ಲಲ್ಲಿ ಕಿತ್ತುಹೋಗಿದೆ, ಬೀದಿ ಬದಿಯ ಚರಂಡಿಗಳು ತೆರೆದಿವೆ, ಬಣ್ಣ ಮಾಸಿದ ಮರದ ಕಟ್ಟಡಗಳ ನಡುವೆ ಬಿಸಿಲು ಚುರುಗುಟ್ಟುತ್ತದೆ, ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಕಂಪನಿಯ ಖಾಸಗಿ ದ್ವೀಪಗಳಲ್ಲಿ ಇದ್ಯಾವುದೂ ಇಲ್ಲ. ಆದರೆ ಅಲ್ಲಿ ಕಣ್ಣಿಗೆ ಬೀಳದ್ದು ಇಲ್ಲಿ ಕಾಣುವುದರಿಂದಲೇ ಈ ಊರು ನೋಡತಕ್ಕದ್ದು. ಇದೇ ಊರಿನಲ್ಲಿ 1949ರಲ್ಲಿ ಹುಟ್ಟಿದ ಲೇಖಕಿ ಜಮೈಕಾ ಕಿಂಕೇಡ್ 1988ರಲ್ಲಿ ಬರೆದ ‘ಎ ಸ್ಮಾಲ್ ಪ್ಲೇಸ್’ ಎಂಬ ಪುಟ್ಟ ಪುಸ್ತಕ ಪ್ರವಾಸಿಯನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಮೋಡವಿಲ್ಲದ ಆಕಾಶ ಕಂಡು ಹಿಗ್ಗುವ ಪ್ರವಾಸಿಗೆ, ಅದೇ ಆಕಾಶದ ಕೆಳಗೆ ಮಳೆಯಿಲ್ಲದೆ ನೀರಿಗೆ ಪರದಾಡುವವರು ಕಾಣುವುದಿಲ್ಲ ಎಂಬುದು ಆಕೆಯ ದೂರು. ಆಂಟಿಗಾದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ, ಬರ ಹೊಸತಲ್ಲ. ಕುಡಿಯುವ ನೀರಿಗೆ ಸಮುದ್ರದ ಉಪ್ಪು ತೆಗೆಯುವ ಘಟಕಗಳೇ ಆಸರೆ. 1974ರ ಭೂಕಂಪದಲ್ಲಿ ಹಾಳಾದ ಊರಿನ ಗ್ರಂಥಾಲಯವನ್ನು ವರ್ಷಗಟ್ಟಲೆ ದುರಸ್ತಿ ಮಾಡಲಿಲ್ಲ ಎಂದು ಕಿಂಕೇಡ್ ಸಿಟ್ಟಾಗಿದ್ದರು. ಹೊಸ ಸಾರ್ವಜನಿಕ ಗ್ರಂಥಾಲಯ ತೆರೆದದ್ದು 2014ರಲ್ಲಿ, ನಲವತ್ತು ವರ್ಷಗಳ ಮೇಲೆ. ಇಂಥ ವಿವರ ತಿಳಿದುಕೊಂಡರೆ ರಜೆಯ ಸುಖವೇನೂ ಕೆಡುವುದಿಲ್ಲ, ನೋಡಿದ ಜಾಗ ಮನಸ್ಸಿನಲ್ಲಿ ಉಳಿಯುತ್ತದೆ.

ಕಿಂಕೇಡ್ ಅವರ ದೂರನ್ನು ಒಪ್ಪಿದರೆ ಮೂರನೆಯ, ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಏಳುತ್ತದೆ: ಹಾಗಾದರೆ ಹೋಗುವುದೇ ತಪ್ಪಲ್ಲವೇ? ನಾಲ್ಕು ದೊಡ್ಡ ಹಡಗುಗಳು ಒಂದೇ ದಿನ ಬಂದರೆ ಇಳಿಯುವವರ ಸಂಖ್ಯೆ ಊರಿನ ಜನಸಂಖ್ಯೆಯ ಅರ್ಧವನ್ನು ಮುಟ್ಟೀತು. ಕಂಪನಿಗಳು ನೋಂದಣಿಯಾಗಿರುವುದು ಲೈಬೀರಿಯಾ, ಪನಾಮಾ, ಬರ್ಮುಡಾಗಳಲ್ಲಿ. ಬಂದರನ್ನು ನಡೆಸುವ ಹೊಣೆಯನ್ನು 2019ರಲ್ಲಿ 30 ವರ್ಷಗಳ ಅವಧಿಗೆ ಗ್ಲೋಬಲ್ ಪೋರ್ಟ್ಸ್ ಹೋಲ್ಡಿಂಗ್ ಎಂಬ ವಿದೇಶಿ ಸಂಸ್ಥೆಗೆ ವಹಿಸಲಾಗಿದೆ. ಇಷ್ಟಾದರೂ ಹೋಗದಿರುವುದು ಉತ್ತರವಾಗದು. ಆಂಟಿಗಾದ ಸಕ್ಕರೆ ಉದ್ಯಮ 1970ರ ದಶಕದ ಆರಂಭದಲ್ಲೇ ನಿಂತುಹೋಯಿತು; ಅಂದಿನಿಂದ ಪ್ರವಾಸೋದ್ಯಮವೇ ದೇಶದ ಮುಖ್ಯ ಆಸರೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಕ್ರೂಸ್ ಹಡಗುಗಳು ನಿಂತಾಗ ಟ್ಯಾಕ್ಸಿಯವರು, ಮಾರ್ಗದರ್ಶಿಗಳು, ಧಕ್ಕೆಯ ವ್ಯಾಪಾರಿಗಳು ಒಟ್ಟಿಗೆ ಸಂಪಾದನೆ ಕಳೆದುಕೊಂಡರು. ಹಾಗಾಗಿ ಕೇಳಬೇಕಾದ್ದು, ನಮ್ಮ ಹಣ ಯಾರ ಕೈ ಸೇರುತ್ತದೆ ಎಂಬುದು. ಹಡಗಿನ ಮೂಲಕ ಕೊಂಡ ಪ್ರವಾಸದಲ್ಲಿ ಕಂಪನಿಯ ಪಾಲಿರುತ್ತದೆ. ಸಂತೆಯಲ್ಲಿ ಅನಾನಸು ಮಾರುವ ಹೆಂಗಸಿಗೂ, ಟ್ಯಾಕ್ಸಿಯವನಿಗೂ, ವಸ್ತುಸಂಗ್ರಹಾಲಯದ ಹುಂಡಿಗೂ ಕೊಟ್ಟ ಹಣ ಪೂರ್ತಿ ಊರಿನದು. ನಡೆದು ನೋಡುವುದು ಪ್ರವಾಸಿಗೆ ಹೆಚ್ಚು ಸುಖ, ಊರಿಗೆ ಹೆಚ್ಚು ಲಾಭ.

ಸಮಯ ಮೀರಿ ಹಡಗು ತಪ್ಪಿದರೆ ಎಂಬ ಭಯ ಉಳಿಯುತ್ತದೆ. ಅದು ಪೊಳ್ಳಲ್ಲ: ಕಂಪನಿಯ ಪ್ರವಾಸಕ್ಕೆ ಹೋದವರಿಗಾಗಿ ಹಡಗು ಕಾಯುತ್ತದೆ, ಸ್ವಂತವಾಗಿ ತಿರುಗಲು ಹೋದವರಿಗಾಗಿ ಕಾಯುವುದಿಲ್ಲ. ಸೇಂಟ್ ಜಾನ್ಸಿನ ಅನುಕೂಲ ಇಲ್ಲೇ ಇದೆ. ಊರಿನೊಳಗೆ ನಡೆಯುವವರಿಗೆ ಹಡಗಿನ ಹೊಗೆಕೊಳವೆ ಬಹಳಷ್ಟು ಹೊತ್ತು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಇಂಗ್ಲಿಷ್ ಹಾರ್ಬರಿಗೆ ಹೋಗುವವರು ಮಾತ್ರ ಹಡಗು ಹೊರಡುವ ಎರಡು ಗಂಟೆ ಮೊದಲೇ ಧಕ್ಕೆಗೆ ಮರಳುವಂತೆ ಲೆಕ್ಕ ಹಾಕಬೇಕು. ಚಳಿಗಾಲದಲ್ಲಿ ಆಂಟಿಗಾದ ಗಡಿಯಾರ ಮಯಾಮಿಗಿಂತ ಒಂದು ಗಂಟೆ ಮುಂದಿರುವುದರಿಂದ, ಹಡಗು ಯಾವ ಸಮಯ ಪಾಲಿಸುತ್ತದೆ ಎಂದು ಇಳಿಯುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರಲ್ಲಿ ‘ಇರ್ಮಾ’ ಬಡಿದಾಗ ನೆರೆಯ ಬಾರ್ಬುಡಾ ದ್ವೀಪದ ಜನರನ್ನೆಲ್ಲ ಆಂಟಿಗಾಕ್ಕೆ ಸಾಗಿಸಬೇಕಾಯಿತು. ಡಿಸೆಂಬರ್‌ನಿಂದ ಏಪ್ರಿಲ್ ಹೋಗಲು ಹದವಾದ ಹೊತ್ತು. ಊರಿನ ನಾಣ್ಯ ಪೂರ್ವ ಕೆರಿಬಿಯನ್ ಡಾಲರ್. 1976ರಿಂದಲೂ ಒಂದು ಅಮೆರಿಕನ್ ಡಾಲರಿಗೆ 2.70ರ ದರಕ್ಕೆ ನಿಂತಿದೆ, ಅಮೆರಿಕನ್ ನೋಟುಗಳೂ ನಡೆಯುತ್ತವೆ. ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದ ಕಾಯಂ ನಿವಾಸಿಗಳಲ್ಲದವರು ಮಯಾಮಿಯಿಂದಲೋ ಪೋರ್ಟೊ ರಿಕೊದ ಸಾನ್ ಹ್ವಾನ್‌ನಿಂದಲೋ ಹೊರಡುವುದಾದರೆ, ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ ಅಮೆರಿಕ ವೀಸಾ ಬೇಕು, ಏಕೆಂದರೆ ಹಡಗು ಮರಳುವುದು ಅಮೆರಿಕದ ನೆಲಕ್ಕೆ. ನಡುವೆ ಬರುವ ಪ್ರತಿ ದೇಶದ ನಿಯಮವನ್ನೂ ಟಿಕೆಟ್ ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು.

ಹಡಗನ್ನು ಹೀಗಳೆಯಬೇಕಾದ ಅಗತ್ಯವಿಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂಥ ಹಡಗುಗಳ ಅಡುಗೆಮನೆ, ಊಟದ ಸಾಲೆ, ಕೋಣೆಗಳಲ್ಲಿ ತಿಂಗಳುಗಟ್ಟಲೆ ದುಡಿದು ಊರಿಗೆ ಹಣ ಕಳಿಸುತ್ತಾರೆ. ರಾತ್ರಿಯ ಊಟಕ್ಕೆ ಕೂತ ಗುಂಪಿಗೆ ಬಡಿಸುವವರು ತುಳುವೋ ಕೊಂಕಣಿಯೋ ಬಲ್ಲವರಾದರೆ ಆಶ್ಚರ್ಯವಿಲ್ಲ. ಅವರ ಆತಿಥ್ಯವನ್ನು ಸಂಜೆಗೆ ಇಟ್ಟುಕೊಳ್ಳಿ. ಗೆಳೆಯರೊಂದಿಗೆ ಕೆರಿಬಿಯನ್ ಯಾನಕ್ಕೆ ಯೋಜನೆ ಹಾಕುವಾಗ ಹಡಗಿನಲ್ಲಿ ಎಷ್ಟು ಈಜುಕೊಳಗಳಿವೆ ಎಂದು ನೋಡುವ ಮೊದಲು ಅದು ಯಾವ ಊರುಗಳಲ್ಲಿ, ಊರಿಗೆ ಎಷ್ಟು ಹತ್ತಿರ, ಎಷ್ಟು ಗಂಟೆ ನಿಲ್ಲುತ್ತದೆ ಎಂದು ನೋಡಿ. ಖಾಸಗಿ ದ್ವೀಪಗಳೇ ಹೆಚ್ಚಿರುವ ಯಾನ ಬಿಟ್ಟು ಸೇಂಟ್ ಜಾನ್ಸಿನಂಥ ಊರುಗಳಿರುವ ಯಾನ ಆರಿಸಿಕೊಳ್ಳಿ. ನಾಲ್ಕು ಕಾಸು ಹೆಚ್ಚಾದರೂ ಅದೇ ಒಳ್ಳೆಯ ವ್ಯಾಪಾರ.